ತಲೆಗೆ ಎಷ್ಟು? ದಾವಣಗೆರೆಯ ಒಂದು ಗುಂಪಿನ ದೀಪಾವಳಿ ಲೆಕ್ಕ

ದೀಪಾವಳಿಗೆ ಒಂದು ಮಕ್ಕಳ ಮನೆಗೆ, ಅಂದರೆ ಮನೆಯವರು ಸಾಕಲಾಗದ ಮಕ್ಕಳನ್ನು ಇಟ್ಟುಕೊಂಡು ಸಾಕುವ ಸಂಸ್ಥೆಗೆ, ಉಡುಗೊರೆ ಕೊಡೋಣ ಅಂತ ತೀರ್ಮಾನ ಮಾಡುವುದಕ್ಕೆ ನಮ್ಮ ಗುಂಪಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಒಂದು ಮಗುವಿಗೆ ಎಷ್ಟು ಖರ್ಚು ಮಾಡಬೇಕು ಅನ್ನುವ ಮಾತು ಮಾತ್ರ ದಸರಾ ಕಳೆದರೂ ಮುಗಿಯಲಿಲ್ಲ. ಆ ವಾದ, ಅದರ ಲೆಕ್ಕ, ಕೊನೆಗೆ ಬಂದು ನಿಂತ ಅಂಕಿ, ಇಷ್ಟನ್ನು ಇಲ್ಲಿ ಬರೆದಿದ್ದೇನೆ. 2025ರ ದೀಪಾವಳಿಯ ಮಾತು. ಜನರ ಹೆಸರು, ಸಂಸ್ಥೆಯ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿ, ಅಂಕಿಗಳನ್ನು ರೌಂಡ್ ಮಾಡಿದ್ದೇನೆ.

ಗುಂಪು ಅಂದರೆ ದೊಡ್ಡ ಸಂಘವೇನಲ್ಲ. ದಾವಣಗೆರೆಯ ವಿದ್ಯಾನಗರದ ಕಡೆ ಬೆಳಿಗ್ಗೆ ವಾಕಿಂಗ್ ಮಾಡುವ 26 ಜನ. ನೋಂದಣಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಒಂದು ವಾಟ್ಸಾಪ್ ಗುಂಪಿದೆ ಅಷ್ಟೇ. ಅಕ್ಕಿ ವ್ಯಾಪಾರದ ಸಾಹುಕಾರರು ಒಬ್ಬರಿದ್ದಾರೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರಿದ್ದಾರೆ. ಖಾಸಗಿ ಆಸ್ಪತ್ರೆಯ ನರ್ಸ್, ಎಲ್‌ಐಸಿ ಏಜೆಂಟ್, ಮನೆ ನೋಡಿಕೊಳ್ಳುವ ಹೆಣ್ಣುಮಕ್ಕಳು ಇದ್ದಾರೆ. ಊರಲ್ಲಿ ಕಾಟನ್ ಮಿಲ್ಲುಗಳು ನಡೆಯುತ್ತಿದ್ದಾಗ ಅಲ್ಲಿ ದುಡಿದು, ಮಿಲ್ ಮುಚ್ಚಿದ ಮೇಲೆ ಟೀ ಅಂಗಡಿ ಇಟ್ಟ ಒಬ್ಬ ಅಜ್ಜ ಇದ್ದಾರೆ. ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಿದೆ.

ಮಕ್ಕಳ ಮನೆಯಲ್ಲಿ 32 ಹೆಣ್ಣುಮಕ್ಕಳು. ಆರು ವರ್ಷದಿಂದ ಹದಿನೇಳರವರೆಗೆ. ಎಲ್ಲರೂ ಅನಾಥರೇನಲ್ಲ. ಸುಮಾರು ಅರ್ಧ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇದ್ದಾರೆ, ಸಾಕುವ ಸ್ಥಿತಿಯಲ್ಲಿ ಇಲ್ಲ. ನಮ್ಮ ಲೆಕ್ಕವನ್ನೆಲ್ಲ ತಿರುಗಿಸಿದ್ದು ಈ ಸಂಗತಿಯೇ.

ಹಿಂದಿನ ವರ್ಷದ ಪಂಚಾಯ್ತಿ

2024ರಲ್ಲೂ ಕೊಟ್ಟಿದ್ದೆವು. ಆಗ ಪದ್ಧತಿ ಸುಲಭವಾಗಿತ್ತು. ಒಬ್ಬೊಬ್ಬರು ಒಂದೋ ಎರಡೋ ಮಗುವಿನ ವಯಸ್ಸು ತಿಳಿದುಕೊಳ್ಳುವುದು, ತಮಗೆ ತೋಚಿದ್ದು ತರುವುದು. "ಪ್ರೀತಿಯಿಂದ ತಂದಿದ್ದಕ್ಕೆ ಲೆಕ್ಕ ಎಂಥದ್ದು" ಅಂತ ಎಲ್ಲರೂ ಒಪ್ಪಿದ್ದರು.

ತಂದಿದ್ದು ಹೀಗಿತ್ತು. ಒಬ್ಬ ಹುಡುಗಿಗೆ 1,850 ರೂಪಾಯಿಯ ಚೂಡಿದಾರ್ ಸೆಟ್ಟು, ಜರಿ ಅಂಚಿನದು. ಪಕ್ಕದ ಮಂಚದ ಹುಡುಗಿಗೆ 90 ರೂಪಾಯಿಯ ಪೆನ್ಸಿಲ್ ಪೌಚ್. ಇಬ್ಬರಿಗೂ ಹದಿಮೂರು ವರ್ಷ. ಪೌಚ್ ತಂದವರು ಕಂಜೂಸ್ ಅಂತಲ್ಲ, ಅವರ ಕೈಯಲ್ಲಿ ಅಂದು ಇದ್ದದ್ದೇ ಅಷ್ಟು. ಆದರೆ ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ತನಗೆ ಬಂದಿದ್ದು ಪೌಚ್, ಅವಳಿಗೆ ಬಂದಿದ್ದು ಜರಿ ಬಟ್ಟೆ. ಅಷ್ಟೇ ಕಾಣುವುದು.

ಈ ವರ್ಷ ಕೇಳಲು ಹೋದಾಗ ವಾರ್ಡನ್ ಅಮ್ಮ ನಾಚಿಕೆ ಬಿಟ್ಟು ಹೇಳಿದರು: "ಕೊಡಬೇಡ್ರಿ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ನೀವು ಕಾರು ಹತ್ತಿ ಹೋದ್ಮೇಲೆ ಒಂದು ವಾರ ನನಗೆ ಅದೇ ಪಂಚಾಯ್ತಿ ಆಯ್ತು ನೋಡ್ರಿ. ಒಬ್ಬಳು ಊಟ ಬಿಟ್ಲು. ಇನ್ನೊಬ್ಬಳದ್ದು ಹೇರ್‌ಬ್ಯಾಂಡ್ ಕಳುವಾಯ್ತು."

ಇನ್ನೊಂದು ವಿಷಯ ಅವರು ಹೇಳಿದ್ದು ನಮಗೆಲ್ಲ ನಾಟಿತು. ಆ ಜರಿ ಚೂಡಿದಾರ್ ಹುಡುಗಿಯ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವಳು. ಹಬ್ಬಕ್ಕೆ ಮಗಳನ್ನು ಕರೆದೊಯ್ಯಲು ಬರುವಾಗ ಸಂತೆಯಿಂದ ಒಂದು ಫ್ರಾಕು ತಂದಿದ್ದಳು. 300–350 ರೂಪಾಯಿ ಇದ್ದೀತು. ಭಟ್ಟಿಯಲ್ಲಿ ದಿನವಿಡೀ ಬೆಂಕಿ, ಹೊಗೆ, ಮರಳಿನ ಮುಂದೆ ನಿಂತು ಗಳಿಸಿದ ದುಡ್ಡು. ಅದನ್ನು ಬಿಚ್ಚಿ ಮಗಳ ಮೈಮೇಲೆ ಹಿಡಿದು ನೋಡುವ ಹೊತ್ತಿಗೆ ಮಂಚದ ಮೇಲಿದ್ದ ಜರಿ ಬಟ್ಟೆ ಕಣ್ಣಿಗೆ ಬಿತ್ತು. ತಾಯಿ ಏನೂ ಅನ್ನಲಿಲ್ಲವಂತೆ. ಫ್ರಾಕನ್ನು ಮಡಚಿ ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕಿದಳಂತೆ.

ಆಕೆಗೆ ಅವಮಾನ ಮಾಡಬೇಕು ಅಂತ ಯಾರೂ 1,850 ಕೊಟ್ಟಿರಲಿಲ್ಲ. ಕೊಟ್ಟವರಿಗೆ ಈ ತಾಯಿ ಇದ್ದಾಳೆ ಅನ್ನುವುದೇ ಗೊತ್ತಿರಲಿಲ್ಲ.

ಮೂರು ಸಲಹೆ, ಮೂರಕ್ಕೂ ತಕರಾರು

ಈ ಸಲ ಏಜೆಂಟರು ಮೊದಲು ಮಾತಾಡಿದರು. ತಲಾ ಸಾವಿರ ಹಾಕೋಣ, 26 ಸಾವಿರ ಆಗುತ್ತದೆ, 32ರಿಂದ ಭಾಗಿಸಿದರೆ ಮಗುವಿಗೆ 812 ಬಂತು, ಮುಗೀತಲ್ವಾ ಅಂದರು. ಕೇಳಲು ನೀಟಾಗಿದೆ. ಆದರೆ ನಮ್ಮಲ್ಲಿ ಸಾವಿರ ರೂಪಾಯಿ ಎತ್ತಿಡುವುದು ಕಷ್ಟ ಅನ್ನುವವರು ಐದಾರು ಜನ ಇದ್ದಾರೆ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ಸುಮ್ನೆ ವಾಕಿಂಗ್‌ಗೆ ಬರುವುದನ್ನೇ ನಿಲ್ಲಿಸುತ್ತಾರೆ. ಹಿಂದೆ ಒಂದು ಪ್ರವಾಸದ ವಂತಿಗೆಯಲ್ಲಿ ಹಾಗೇ ಆಗಿತ್ತು.

ಸಾಹುಕಾರರದ್ದು ಇನ್ನೊಂದು ದಾರಿ. "ಯಾರೂ ಏನೂ ಹಾಕಬೇಡಿ. ಎಲ್ಲಾ ಮಕ್ಕಳಿಗೂ ಸಾವಿರದೈನೂರರ ಡ್ರೆಸ್ ನಾನೇ ಕೊಡಿಸ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಅಂದರು. ಎಲ್ಲರಿಗೂ ಒಂದೇ ಥರ ಅನ್ನುವ ಅರ್ಧ ಸಮಸ್ಯೆ ಇದರಿಂದ ಬಗೆಹರಿಯುತ್ತಿತ್ತು. ಭಟ್ಟಿಯ ತಾಯಿಯ ಸಮಸ್ಯೆ 32 ಪಟ್ಟು ಆಗುತ್ತಿತ್ತು.

ಮೇಷ್ಟ್ರು ಪಾಠಕ್ಕೇ ಇಳಿದರು. ಜೋಯೆಲ್ ವಾಲ್ಡ್‌ಫೋಗೆಲ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ 1993ರಲ್ಲಿ ಕ್ರಿಸ್‌ಮಸ್ ಉಡುಗೊರೆಗಳ ಬಗ್ಗೆ ಒಂದು ಲೇಖನ ಬರೆದ. ವಿದ್ಯಾರ್ಥಿಗಳಿಗೆ, ನಿಮಗೆ ಬಂದ ಉಡುಗೊರೆಗೆ ಕೊಟ್ಟವರು ಎಷ್ಟು ಖರ್ಚು ಮಾಡಿದ್ದಾರೆ, ನಿಮ್ಮ ಲೆಕ್ಕದಲ್ಲಿ ಅದು ಎಷ್ಟು ಬೆಲೆ ಬಾಳುತ್ತದೆ ಅಂತ ಕೇಳಿದ್ದ. ಖರ್ಚಾದ ದುಡ್ಡಿನಲ್ಲಿ ಶೇಕಡ 10ರಿಂದ ಮೂರನೇ ಒಂದು ಭಾಗದವರೆಗೆ ಪಡೆದವರ ಕಣ್ಣಲ್ಲಿ ಕರಗಿ ಹೋಗುತ್ತದೆ ಅನ್ನುವುದು ಅವನ ಅಂದಾಜು. ಆದ್ದರಿಂದ ನಗದು ಕೊಡಿ ಅಂದರು ಮೇಷ್ಟ್ರು. ಆ ಮನೆಯಲ್ಲಿ ಮಕ್ಕಳ ಕೈಗೆ ನಗದು ಕೊಡುವ ಹಾಗಿಲ್ಲ. ಅಲ್ಲದೆ ಹಬ್ಬದ ದಿನ ಒಂದು ಆರು ವರ್ಷದ ಮಗುವಿನ ಕೈಗೆ ಐನೂರರ ನೋಟು ಇಟ್ಟರೆ ಅದು ಏನು ಮಾಡೀತು? ಮೇಷ್ಟ್ರ ಮಾತು ಅಲ್ಲಿಗೆ ಬಿದ್ದುಹೋಯಿತು ಅಂದುಕೊಂಡೆವು. ಆಮೇಲೆ ಬೇರೆ ರೂಪದಲ್ಲಿ ಅದೇ ಗೆದ್ದಿತು.

ಅಜ್ಜನ ಅಳತೆಗೋಲು

ದಾರಿ ತೋರಿಸಿದ್ದು ಮಿಲ್ ಅಜ್ಜ. ಅಲ್ಲಿಯವರೆಗೂ ಅವರು ಬಾಯಿ ಬಿಟ್ಟಿರಲಿಲ್ಲ.

"ನಮಗೆ ಮಿಲ್ಲಲ್ಲಿ ದೀಪಾವಳಿ ಅಂದ್ರೆ ಬೋನಸ್ಸು. ಬೋನಸ್ ಬಂದ ವರ್ಷ ಮಕ್ಕಳಿಗೆ ಬಟ್ಟೆ. ಬರದಿದ್ರೆ ಉಗಾದಿಗೆ ನೋಡಾಣ ಅಂತಿದ್ವಿ. ಆ ಮಕ್ಳಿಗೆ ನೀವು ಸಾಹುಕಾರ್ರ ಮನೆ ಹಬ್ಬ ಮಾಡ್ಬೇಡ್ರಪ್ಪ. ದುಡಿಯೋರ ಮನೆ ಹಬ್ಬ ಮಾಡ್ರಿ."

ಬೋನಸ್ ಕಾಯ್ದೆ ಬಂದಿದ್ದು 1965ರಲ್ಲಿ. ಕನಿಷ್ಠ ಬೋನಸ್ ವರ್ಷದ ಸಂಬಳದ ಶೇಕಡ 8.33, ಅಂದರೆ ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳ. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಹಬ್ಬದ ಬಟ್ಟೆ ವ್ಯಾಪಾರಕ್ಕೂ ಈ ಒಂದು ತಿಂಗಳ ಸಂಬಳಕ್ಕೂ ನಂಟಿತ್ತು. ಅಜ್ಜನಿಗೆ ಕಾಯ್ದೆಯ ಇಸವಿ ನೆನಪಿಲ್ಲ, ಶೇಕಡಾವಾರು ಮಾತ್ರ ಬಾಯಿಪಾಠ.

ಅಜ್ಜ ಮಾತಾಡಿ ಬಿಟ್ಟುಬಿಡಲಿಲ್ಲ. ಟೀ ಅಂಗಡಿಗೆ ಬರುವ ಆಟೋದವರು, ಹಮಾಲರು, ಟೈಲರುಗಳು, ಗ್ಯಾರೇಜ್ ಹುಡುಗರನ್ನು ಕೇಳಿದರು. ಈ ಸಲ ಹಬ್ಬಕ್ಕೆ ಮಗೀಗೆ ಎಷ್ಟರ ಬಟ್ಟೆ ತಗೊಳ್ತೀಯಪ್ಪ? ಬಂದ ಉತ್ತರಗಳು ಬಹುಪಾಲು 400ರಿಂದ 800ರ ನಡುವೆ ಇದ್ದವು. ಇದನ್ನು ಸಮೀಕ್ಷೆ ಅಂತ ಕರೆಯಲಾರೆ. ಆದರೆ ನಮಗೆ ಬೇಕಾಗಿದ್ದೂ ಇಷ್ಟೇ. ಈ ಊರಿನಲ್ಲಿ ದುಡಿದು ಬದುಕುವ ಒಂದು ಮನೆ ತನ್ನ ಮಗುವಿಗೆ ಹಬ್ಬಕ್ಕೆ ಏನು ಮಾಡುತ್ತದೋ, ಈ ಮಕ್ಕಳಿಗೂ ಅಷ್ಟು. ಕಮ್ಮಿ ಆದರೆ ಪಾಪ ಅಂತ ಕೊಟ್ಟ ಹಾಗೆ. ಜಾಸ್ತಿ ಆದರೆ ತಾಯಿಯ ಫ್ರಾಕು ಮತ್ತೆ ಕವರಿಗೆ ಹೋಗುತ್ತದೆ.

ನರ್ಸ್ ಮೇಡಂ ಇನ್ನೊಂದನ್ನು ಸೇರಿಸಿದರು. ಮಕ್ಕಳ ಮನೆಯ ಅಡುಗೆಯಮ್ಮನ ಮಗಳೂ ಸಂಜೆ ಅಲ್ಲೇ ಇರುತ್ತಾಳೆ. ಹೋಂವರ್ಕ್ ಅಲ್ಲೇ ಮಾಡುತ್ತಾಳೆ. ಆ ಮಗು ನೋಡುತ್ತಾ ನಿಂತಿರುತ್ತದಲ್ಲ, ಅವಳಿಗಿಂತ ಇವರ ಹಬ್ಬವೇ ಜೋರಾಗಿಬಿಟ್ಟರೆ ಹೇಗೆ? ಅಡುಗೆಯಮ್ಮನೇ ನಾಳೆ ಈ ಮಕ್ಕಳ ಮೇಲೆ ಮುನಿಸಿಕೊಳ್ಳುವುದಿಲ್ಲವಾ?

ಹೀಗೆ ಒಂದು ಮಗುವಿಗೆ 700 ಅನ್ನುವ ಮೇಲ್ಮಿತಿ ಬಂತು. ಗಮನಿಸಿ, ಕೆಳಮಿತಿಯನ್ನು ನಾವು ಇಡಲೇ ಇಲ್ಲ. ಇಂಥ ಕೆಲಸಗಳಲ್ಲಿ ಎಲ್ಲರೂ ಕೆಳಮಿತಿಯ ಬಗ್ಗೆಯೇ ಜಗಳ ಆಡುತ್ತಾರೆ, ತೀರಾ ಕಮ್ಮಿ ಆದರೆ ಮರ್ಯಾದೆ ಅಲ್ಲ ಅಂತ. ನಮ್ಮಲ್ಲಿ ನೋವು ಮಾಡಿದ್ದು ಮಾತ್ರ ಪೌಚಿಗಿಂತ ಆ ಜರಿ ಚೂಡಿದಾರೇ.

ದುಡ್ಡು ಸೇರಿಸಲು ಮುಚ್ಚಿದ ಕವರು ಇಟ್ಟೆವು. ಯಾರು ಎಷ್ಟು ಹಾಕಿದರು ಅಂತ ಬರೆಯುವ ಹಾಗಿಲ್ಲ. ತಂದವರೇ ಕೊಡುವ ಪದ್ಧತಿ ನಿಲ್ಲಿಸಿ, ಎಲ್ಲಾ ಖರೀದಿ ಒಂದೇ ಕಡೆಯಿಂದ ಅಂತ ಆಯಿತು. ಸಾಹುಕಾರರು ತಾವು 15,000 ಹಾಕಿದ್ದನ್ನು ತಾವೇ ಹೇಳಿಕೊಂಡರು, ಅದನ್ನು ತಡೆಯಲು ನಮ್ಮಿಂದ ಆಗಲಿಲ್ಲ. ಉಳಿದ ಕವರುಗಳಿಂದ 21,750 ಬಂತು. ಒಟ್ಟು 36,750.

ಸಮ ದುಡ್ಡೋ, ಸಮ ವಸ್ತುವೋ

700 ಅಂದಾಕ್ಷಣ ಎಲ್ಲಾ ಮುಗಿಯಲಿಲ್ಲ. ಏಳು ವರ್ಷದ ಮಗುವಿನ ಫ್ರಾಕು 380ಕ್ಕೆ ಚೆನ್ನಾಗಿಯೇ ಸಿಗುತ್ತದೆ. ಹದಿನಾರರ ಹುಡುಗಿಗೆ ಅದೇ ಗುಣಮಟ್ಟದ ಕುರ್ತಾ ಸೆಟ್ಟು 650ಕ್ಕೆ ಕಮ್ಮಿ ಇಲ್ಲ. ಬಟ್ಟೆ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಎಲ್ಲರಿಗೂ ಕಟ್ಟುನಿಟ್ಟಾಗಿ 700 ಅಂತ ಹೋದರೆ ಚಿಕ್ಕವಳಿಗೆ ಬಟ್ಟೆಯ ಜೊತೆ 320ರ ಆಟಿಕೆ, ದೊಡ್ಡವಳಿಗೆ ಬಟ್ಟೆಯ ಜೊತೆ 50ರ ಕ್ಲಿಪ್ಪು. ಲೆಕ್ಕದ ಪುಸ್ತಕದಲ್ಲಿ ಸಮಾನತೆ, ಮಂಚದ ಮೇಲೆ ತಾರತಮ್ಯ.

ಏಜೆಂಟರು ದುಡ್ಡಿನ ಸಮಾನತೆಯೇ ನ್ಯಾಯ ಅಂತ ಹಟ ಹಿಡಿದರು. ಯಾರಾದರೂ ಲೆಕ್ಕ ಕೇಳಿದರೆ ಉತ್ತರ ಇರಬೇಕು ಅನ್ನುವುದು ಅವರ ಕಾಳಜಿ. ನನಗೂ ಪುಸ್ತಕ ಬರೆಯಲು ಅದೇ ಸುಲಭ. ಆದರೆ ಮಕ್ಕಳು ಬಿಲ್ಲು ನೋಡುವುದಿಲ್ಲ. ಎಷ್ಟು ವಸ್ತು ಬಂತು ಅಂತ ಎಣಿಸುತ್ತಾರೆ. ಇನ್ನೂ ಚಿಕ್ಕವರು ಡಬ್ಬ ಎಷ್ಟು ದೊಡ್ಡದು ಅಂತ ನೋಡುತ್ತಾರೆ. ಹಾಗಾಗಿ ಎಲ್ಲರಿಗೂ ಒಂದು ಹೊಸ ಬಟ್ಟೆ, ಅದರ ಜೊತೆ 200 ರೂಪಾಯಿ ಒಳಗೆ ಅವರು ಕೇಳಿದ್ದು. ಬಟ್ಟೆಯ ಬೆಲೆ ವಯಸ್ಸಿನ ಮೇಲೆ ಏರಲಿ, ಬೆಲೆಚೀಟಿ ಕಿತ್ತುಹಾಕೋಣ. ಸರಾಸರಿ 700 ದಾಟಬಾರದು, ಹಿರಿಯ ಹುಡುಗಿಯರದ್ದು ಸ್ವಲ್ಪ ಆಚೀಚೆ ಆದರೆ ಆಗಲಿ.

ಸ್ಕೂಲ್ ಬ್ಯಾಗು, ಶೂ, ಯೂನಿಫಾರ್ಮ್ ಅಂದವರೂ ಇದ್ದರು. ಉಪಯೋಗಕ್ಕೆ ಬರುವುದನ್ನು ಕೊಡೋಣ ಅನ್ನುವವರು ಎಲ್ಲಾ ಗುಂಪಿನಲ್ಲೂ ಇರುತ್ತಾರೆ. ಈ ಮಕ್ಕಳೆಲ್ಲ ಸರ್ಕಾರಿ ಶಾಲೆಗೆ ಹೋಗುವವರು. ಪಠ್ಯಪುಸ್ತಕ, ಸಮವಸ್ತ್ರ, ಶೂ ಸರ್ಕಾರದ ಕಡೆಯಿಂದಲೇ ಬರುತ್ತವೆ. ಹಬ್ಬದ ದಿನ ಒಂದು ಮಗುವಿಗೆ ಎರಡನೇ ಯೂನಿಫಾರ್ಮ್ ಕೊಟ್ಟು ಖುಷಿಪಡು ಅನ್ನುವುದು ನನ್ನ ಮಟ್ಟಿಗೆ ಸ್ವಲ್ಪ ಕ್ರೂರವೇ.

ಚೀಟಿಗಳು

ಮಕ್ಕಳನ್ನೇ ಕೇಳೋಣ ಅನ್ನುವ ಉಪಾಯ ಬಂದಿದ್ದು ಅಮೆರಿಕದಲ್ಲಿ ಮಗಳ ಮನೆಗೆ ಹೋಗಿಬಂದ ಒಬ್ಬ ಅಕ್ಕನಿಂದ. ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮಾಲ್‌ಗಳಲ್ಲಿ ಒಂದು ಮರಕ್ಕೆ ಚೀಟಿ ತೂಗುಹಾಕಿರುತ್ತಾರಂತೆ. ಒಂದೊಂದರಲ್ಲಿ ಒಂದೊಂದು ಮಗುವಿನ ವಯಸ್ಸು, ಅಳತೆ, ಆಸೆ. ಬೇಕಾದವರು ಚೀಟಿ ಕಿತ್ತುಕೊಂಡು ಹೋಗಿ ಆ ವಸ್ತು ತಂದುಕೊಡುವುದು. ಸಾಲ್ವೇಷನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯವರು 1979ರಲ್ಲಿ ವರ್ಜೀನಿಯಾದಲ್ಲಿ ಶುರು ಮಾಡಿದ ಪದ್ಧತಿ ಇದು. ಏಂಜೆಲ್ ಟ್ರೀ ಅನ್ನುತ್ತಾರೆ. ಅಲ್ಲೂ ಎಷ್ಟು ಖರ್ಚು ಮಾಡಬೇಕು ಅನ್ನುವ ತಲೆಬಿಸಿ ಇದ್ದೇ ಇದೆ. ಚೀಟಿಯಲ್ಲಿ ಸೈಕಲ್ ಅಂತ ಇದ್ದರೆ ಏನು ಮಾಡುವುದು?

ನಮ್ಮಲ್ಲೂ ಹಾಗೇ ಆಯಿತು. ಮೊದಲ ಸುತ್ತಿನಲ್ಲಿ ಬೆಲೆ ಹೇಳದೆ ಚೀಟಿ ಬರೆಸಿದೆವು. ಮೊಬೈಲ್, ಸೈಕಲ್, ಸ್ಮಾರ್ಟ್ ವಾಚ್, ಒಂದು ನಾಯಿಮರಿ. ಮಕ್ಕಳಿಗೆ ಬೆಲೆ ಹೇಳಬಾರದು, ಆಸೆಗೆ ಮಿತಿ ಹಾಕಿದಂತಾಗುತ್ತದೆ ಅಂತ ನಮ್ಮಲ್ಲಿ ಕೆಲವರು. ವಾರ್ಡನ್ ಅಮ್ಮ ಮಾತ್ರ ಖಡಾಖಂಡಿತವಾಗಿ, "ಹೇಳ್ರಿ. ಆಸೆ ಹುಟ್ಟಿಸಿ ಕೈ ಎತ್ತೋದಕ್ಕಿಂತ ಮೊದಲೇ ಹೇಳೋದು ಚೊಲೋ" ಅಂದರು.

ಎರಡನೇ ಸುತ್ತಿನ ಚೀಟಿಯ ಮೇಲೆ "200 ರೂಪಾಯಿ ಒಳಗೆ" ಅಂತ ಬರೆದು, ಪೇಟೆಯಲ್ಲಿ ಯಾವುದಕ್ಕೆ ಎಷ್ಟು ಅನ್ನುವ ಒಂದು ಪಟ್ಟಿಯನ್ನೂ ಗೋಡೆಗೆ ಅಂಟಿಸಿದೆವು. ಹನ್ನೊಂದು ವರ್ಷದ ಒಬ್ಬಳ ಚೀಟಿ ನನ್ನ ಪುಸ್ತಕದಲ್ಲಿ ಇನ್ನೂ ಇದೆ. ಪೆನ್ಸಿಲ್ಲಿನಲ್ಲಿ, ಎರಡು ಕಡೆ ಅಳಿಸಿ ತಿದ್ದಿದ್ದು:

"ಕಲರ್ ಪೆನ್ಸಿಲ್ 60, ಹೇರ್‌ಬ್ಯಾಂಡ್ 40, ಲೂಡೊ 90. ಒಟ್ಟು 190. ಉಳಿದ 10ಕ್ಕೆ ಶೇಂಗಾ ಚಿಕ್ಕಿ."

ಮೇಷ್ಟ್ರು ಇದನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು. ನಗದು ಕೊಡಿ ಅಂದಾಗ ಅವರು ಹೇಳಿದ್ದು ಇದನ್ನೇ ಅಲ್ವಾ! ದುಡ್ಡು ಕೈಗೆ ಬರಲಿಲ್ಲ, ಆದರೆ ಆಯ್ಕೆ ಬಂತು. ವಾಲ್ಡ್‌ಫೋಗೆಲ್ ಹೇಳಿದ ನಷ್ಟ ಇಲ್ಲಿ ಚಿಕ್ಕಿಯವರೆಗೂ ಸೊನ್ನೆ.

ಹದಿನಾಲ್ಕು ದಾಟಿದವರ ಚೀಟಿಗಳಲ್ಲಿ ನಾವು ಎಣಿಸದೇ ಇದ್ದ ಒಂದು ವಸ್ತು ಕಂಡಿತು. ಬೀಗ. ಟ್ರಂಕಿಗೆ ಹಾಕುವ ಸಣ್ಣ ಬೀಗ. ಏಳು ಜನ ಅದನ್ನೇ ಬರೆದಿದ್ದರು. ಒಬ್ಬಳು "ಬೀಗ, ಕೀಲಿ ನನ್ನ ಹತ್ತಿರ ಇರಬೇಕು" ಅಂತ ಅಡಿಗೆರೆ ಎಳೆದಿದ್ದಳು. 32 ಜನ ಮಲಗುವ ಕಡೆ ತನ್ನದು ಅಂತ ಇರುವುದು ಒಂದು ಟ್ರಂಕು, ಅದೂ ತೆರೆದೇ ಇರುತ್ತದೆ. ನಾವು ಜರಿ, ಆಟಿಕೆ, ಬ್ರ್ಯಾಂಡು ಅಂತ ಮಾತಾಡುತ್ತಿದ್ದೆವು. ಇವರು ನೂರು ರೂಪಾಯಿಯ ವಸ್ತು ಕೇಳುತ್ತಿದ್ದರು.

ವಾರ್ಡನ್ ಅಮ್ಮನಿಗೆ ಮೊದಲು ಇಷ್ಟವಾಗಲಿಲ್ಲ. ಟ್ರಂಕಿನಲ್ಲಿ ಏನಿದೆ ಅಂತ ನೋಡುವುದು ತಮ್ಮ ಜವಾಬ್ದಾರಿ ಅಂದರು, ಅದೂ ಸರಿಯೇ. ಬೀಗಕ್ಕೆ ಎರಡು ಕೀಲಿ ಬರುತ್ತದಲ್ಲ. ಒಂದು ಹುಡುಗಿಗೆ, ಇನ್ನೊಂದು ಹೆಸರು ಬರೆದ ಕವರಿನಲ್ಲಿ ಆಫೀಸಿಗೆ. ಕವರು ಒಡೆಯಬೇಕಾದರೆ ಹುಡುಗಿಯ ಎದುರಿಗೇ ಒಡೆಯುವುದು. ಈ ಮಾತಿಗೆ ಒಪ್ಪಿದರು. ಏಳು ಜನಕ್ಕೆ ಮಾತ್ರ ಕೊಟ್ಟರೆ ಉಳಿದವರದ್ದು ತೆರೆದೇ ಇರುತ್ತದೆ, ಅದು ಇನ್ನೂ ಕೆಟ್ಟದ್ದು. ಆದ್ದರಿಂದ 32 ಬೀಗ, ಹೋಲ್‌ಸೇಲಿನಲ್ಲಿ 95ರಂತೆ. ಬೀಗವನ್ನು ಉಡುಗೊರೆ ಲೆಕ್ಕದಿಂದ ಹೊರಗೆ ಇಟ್ಟು, ಆ ಏಳು ಜನರಿಗೆ ಇನ್ನೊಂದು ಚೀಟಿ ಬರೆಯಲು ಹೇಳಿದೆವು.

ಮೂರು ಚೀಟಿಗಳಲ್ಲಿ ವಸ್ತುವೇ ಇರಲಿಲ್ಲ. "ಹೋಟೆಲಲ್ಲಿ ಕೂತು ಬೆಣ್ಣೆ ದೋಸೆ." ದಾವಣಗೆರೆಯಲ್ಲೇ ಬೆಳೆಯುವ ಮಕ್ಕಳು, ಶಾಲೆಗೆ ಹೋಗುವಾಗ ದಿನಾ ಆ ಬೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ಹೊರಗೆ ಕರೆದೊಯ್ಯಬೇಕು ಅಂದರೆ ಅನುಮತಿ, ಪತ್ರ, ಜೊತೆಗೆ ಸಿಬ್ಬಂದಿ ಬೇಕು. ಹಬ್ಬದ ಗಡಿಬಿಡಿಯಲ್ಲಿ ಆಗುವುದಿಲ್ಲ ಅಂದರು. ಕೊನೆಗೆ ಒಬ್ಬ ಅಡುಗೆಯವರು ತಮ್ಮ ಹಂಚು, ಹಿಟ್ಟು, ಬೆಣ್ಣೆ, ಚಟ್ನಿ, ಆಲೂಗಡ್ಡೆ ಪಲ್ಯ ಎಲ್ಲಾ ತಂದು ಅಂಗಳದಲ್ಲೇ ಹುಯ್ದುಕೊಡಲು ಒಪ್ಪಿದರು. ಮಕ್ಕಳು, ಸಿಬ್ಬಂದಿ, ಅಡುಗೆಯಮ್ಮನ ಮಗಳು ಸೇರಿ ಎಲ್ಲರಿಗೂ, 4,500ಕ್ಕೆ. ಹೋಟೆಲ್ ಅಲ್ಲ ಅಂತ ಒಬ್ಬಳು ಮುಖ ಸಣ್ಣ ಮಾಡಿದಳು. ಅವಳು ಕೇಳಿದ್ದು ದೋಸೆಗಿಂತ ಜಾಸ್ತಿ ಆ ಕೂತುಕೊಳ್ಳುವುದನ್ನು ಅನ್ನಿಸುತ್ತದೆ. ಅದು ಈ ಸಲ ಆಗಲಿಲ್ಲ.

ಹದಿನೇಳರ ಒಬ್ಬಳು "ಏನೂ ಬೇಡ" ಅಂತ ಬರೆದಿದ್ದಳು.

ಪೇಟೆಯಲ್ಲಿ

ಖರೀದಿ ಹಳೇ ಪೇಟೆಯಲ್ಲೇ ಆಯಿತು. ಮಂಡಿಪೇಟೆ, ಚೌಕಿಪೇಟೆ ಕಡೆ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿದೆ, ಬಟ್ಟೆ ಅಗ್ಗ ಆಗಿರುತ್ತದೆ ಅಂತ ಏಜೆಂಟರು ಲೆಕ್ಕ ಹಾಕಿದ್ದರು. ಸಾವಿರದೊಳಗಿನ ಬಟ್ಟೆಗೆ ಮೊದಲಿಂದಲೂ ಶೇಕಡ 5 ತೆರಿಗೆ. ಹೊಸ ದರದಲ್ಲಿ 2,500ರವರೆಗಿನ ಬಟ್ಟೆಗೂ 5 ಅಂತ ಆಯಿತು. ನಮ್ಮ 380, 520, 650ರ ಬಟ್ಟೆಗೆ ಅದರಿಂದ ಒಂದು ಪೈಸೆ ಉಳಿಯಲಿಲ್ಲ. ತೆರಿಗೆ ಪೂರ್ತಿ ರದ್ದಾಗಿದ್ದು ಪೆನ್ಸಿಲ್, ಕ್ರೇಯಾನ್, ನೋಟ್‌ಬುಕ್ಕಿಗೆ. ಅಲ್ಲಿ ಸ್ವಲ್ಪ ಲಾಭ ಆಯಿತು.

ಆಟಿಕೆ ಕೊಳ್ಳುವಾಗ ನರ್ಸ್ ಮೇಡಂ ಜೊತೆಗೇ ಇದ್ದರು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತು ಇಲ್ಲದ್ದನ್ನು ಪಕ್ಕಕ್ಕಿಟ್ಟರು. ಬಟನ್ ಬ್ಯಾಟರಿ ಹಾಕಿದ ಮಿಣಮಿಣ ಆಟಿಕೆಯನ್ನಂತೂ ಮುಟ್ಟಲೂ ಬಿಡಲಿಲ್ಲ. ಸಣ್ಣ ಮಕ್ಕಳು ಆ ಬ್ಯಾಟರಿ ನುಂಗಿದರೆ ಗಂಟೆಗಳಲ್ಲೇ ಅನ್ನನಾಳ ಸುಟ್ಟುಹೋಗುತ್ತದೆ.

ಸಾಹುಕಾರರು ಇನ್ನೊಂದು ಕೇಳಿದರು, 80ಜಿ ರಸೀದಿ, ಅಂದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯಲು ಬೇಕಾದ ರಸೀದಿ. ವಸ್ತು ರೂಪದ ದಾನಕ್ಕೆ 80ಜಿ ಇಲ್ಲ. ನಗದಾದರೆ 2,000 ದಾಟಿದ್ದಕ್ಕೆ ಇಲ್ಲ. ಸಂಸ್ಥೆಗೆ ನೇರವಾಗಿ ಚೆಕ್ ಕೊಡಬೇಕಿತ್ತು. ಆಡಿಟರ್‌ಗೆ ಫೋನ್ ಮಾಡಿದರೆ ಅವರು ನಕ್ಕರಂತೆ. ಸಾಹುಕಾರರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, ಅಲ್ಲಿ 80ಜಿ ವಿನಾಯಿತಿಯೇ ಇಲ್ಲ.

ಫೋಟೊ ವಿಷಯಕ್ಕೂ ಇರುಸುಮುರುಸಾಯಿತು. ಕೊಟ್ಟಿದ್ದನ್ನು ಸ್ಟೇಟಸ್‌ಗೆ ಹಾಕದಿದ್ದರೆ ಕೊಟ್ಟ ಹಾಗೇ ಅನ್ನಿಸದವರು ಇದ್ದಾರಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಫೋಟೊ, ಹೆಸರು, ಶಾಲೆ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವ ಹಾಗಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಈ ಅಂಕಿ ಕೇಳಿದ ಮೇಲೆ ಮೊಬೈಲುಗಳು ಜೇಬಿನಲ್ಲೇ ಉಳಿದವು.

ಬಟ್ಟೆಯನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಕೊಟ್ಟೆವು. ನಮ್ಮ ಕಡೆ ಹೊಸ ಬಟ್ಟೆಯನ್ನು ಹಿರಿಯರ ಎಡೆಗೆ ಇಟ್ಟು ಉಡುವ ಮನೆಗಳಿವೆ. ಊರಿಗೆ ಹೋಗುವ ಹುಡುಗಿಯರು ಒಯ್ಯಬೇಕು. ಅಳತೆ ತಪ್ಪಿದ್ದನ್ನು ಹೊಲಿಸಲೂ ಹೊತ್ತು ಬೇಕು. ಟೈಲರ್ 600 ತೆಗೆದುಕೊಂಡ.

ಲೆಕ್ಕ

ಬಟ್ಟೆ: ಚಿಕ್ಕವರು 9 ಜನಕ್ಕೆ 380ರಂತೆ 3,420. ನಡುವಿನವರು 14 ಜನಕ್ಕೆ 520ರಂತೆ 7,280. ದೊಡ್ಡವರು 9 ಜನಕ್ಕೆ 650ರಂತೆ 5,850. ಸೇರಿ 16,550. ಚೀಟಿಯ ವಸ್ತುಗಳು 5,100. ಟೈಲರ್ 600. ಬೀಗ 3,040. ದೋಸೆ 4,500. ಒಟ್ಟು 29,790.

ಹಾಗಾದರೆ ತಲೆಗೆ ಎಷ್ಟಾಯಿತು? ಮಗು ಬಿಚ್ಚಿ ನೋಡಿದ್ದು 677. ಹೊಲಿಗೆ, ಬೀಗ ಸೇರಿಸಿದರೆ 790. ದೋಸೆಯೂ ಸೇರಿದರೆ 931. ಮೂರೂ ಸರಿ. ಬೇರೆ ಬಡಾವಣೆಯವರು ಬಂದು "ನೀವು ಎಷ್ಟು ಕೊಟ್ರಿ?" ಅಂತ ಕೇಳಿದಾಗ ನಾನು 677 ಅಂತಲೇ ಹೇಳುತ್ತೇನೆ. 931 ಅಂದರೆ ಅವರು ಅಷ್ಟೂ ದುಡ್ಡಿಗೆ ಬಟ್ಟೆ ತಂದುಬಿಡುತ್ತಾರೆ.

6,960 ಉಳಿಯಿತು. ಉಳಿಸಿಕೊಂಡಿದ್ದಕ್ಕೆ ಸಾಹುಕಾರರು ಸಿಟ್ಟಾದರು. "ಇಟ್ಟುಕೊಳ್ಳೋಕೆ ಕೊಟ್ಟಿದ್ದಲ್ಲ ಕಣ್ರೀ ನಾನು. ಮೇಲೆ ಇನ್ನೂರಿನ್ನೂರು ಹಾಕಿದ್ರೆ ಏನು ಗಂಟು ಹೋಗ್ತಿತ್ತು?" ಅವರನ್ನು ಕರೆದುಕೊಂಡು ಹೋಗಿ ಮಕ್ಕಳ ಮನೆಯ ತಾರಸಿ ತೋರಿಸಿದೆವು. ಸೋಲಾರ್ ಹೀಟರಿನ ಪೈಪು ಒಡೆದು ಮಕ್ಕಳು ತಣ್ಣೀರಿನಲ್ಲೇ ಸ್ನಾನ ಮಾಡುತ್ತಿದ್ದರು. ನರಕ ಚತುರ್ದಶಿಗೆ ಎಣ್ಣೆ ಸ್ನಾನ ಆಗಬೇಕು, ಅದಕ್ಕೆ ಬಿಸಿನೀರು ಬೇಕಲ್ಲ. ಸಾಹುಕಾರರೇ ತಮ್ಮ ಗುರುತಿನ ಪ್ಲಂಬರನ್ನು ಕರೆಸಿ 2,960ಕ್ಕೆ ರಿಪೇರಿ ಮಾಡಿಸಿದರು. ಈ ಖರ್ಚಿಗೆ ಮೇಲ್ಮಿತಿ ಬೇಕಿಲ್ಲ ಅನ್ನುವುದು ಆಮೇಲೆ ಎಲ್ಲರಿಗೂ ಹೊಳೆಯಿತು. ಬಿಸಿನೀರು ಯಾರಿಗೆ ಜಾಸ್ತಿ ಬಂತು ಅಂತ ಯಾವ ಮಗುವೂ ಹೋಲಿಸುವುದಿಲ್ಲ, ಯಾವ ತಾಯಿಯ ಫ್ರಾಕೂ ಅದರ ಮುಂದೆ ಸಣ್ಣದಾಗುವುದಿಲ್ಲ.

ಉಳಿದ 4,000ದ ಕಥೆ "ಏನೂ ಬೇಡ" ಅಂದವಳದ್ದು. ಬಟ್ಟೆ ಕೊಡುವಾಗ ನರ್ಸ್ ಮೇಡಂ ಅವಳ ಪಕ್ಕ ಕೂತು ಮಾತಾಡಿಸಿದರು. ಮಾರ್ಚ್‌ನಲ್ಲಿ ಅವಳಿಗೆ ಹದಿನೆಂಟು ತುಂಬುತ್ತದೆ. ಅಲ್ಲಿಗೆ ಈ ಮನೆ ಬಿಡಬೇಕು. ಬಾಲನ್ಯಾಯ ಕಾಯ್ದೆಯಲ್ಲಿ ಹದಿನೆಂಟರ ನಂತರವೂ ನೆರವು ಕೊಡುವ ಅವಕಾಶ ಇದೆ. ಈ ಬೇಡ ಅನ್ನುವುದರ ಹಿಂದೆ ಇದ್ದದ್ದು ತಗೊಂಡು ಎಲ್ಲಿಡಲಿ ಅನ್ನುವ ಯೋಚನೆ. 4,000ವನ್ನು ಅವಳಿಗೇ ಕೊಡಬೇಕು ಅಂತ ನರ್ಸ್ ಮೇಡಂ. ಒಬ್ಬಳಿಗೇ ಅಷ್ಟು ಕೊಟ್ಟರೆ ನಾವೇ ಮಾಡಿದ ನಿಯಮ ಮುರಿದ ಹಾಗಲ್ವಾ ಅಂತ ಏಜೆಂಟರು. ಹೊರಡುವ ದಿನ ಕೊಡಿ, ಹಬ್ಬದ ದಿನ ಬೇಡ ಅಂತ ವಾರ್ಡನ್ ಅಮ್ಮ ಅಂದಿದ್ದರಿಂದ ಆ ವಾದ ನಿಂತಿತು. ಮಾರ್ಚ್‌ನಲ್ಲಿ ಒಂದು ಗಟ್ಟಿ ಸೂಟ್‌ಕೇಸ್ ಕೊಡಿಸಿ, ಮಿಕ್ಕಿದ್ದನ್ನು ಅವಳ ಬ್ಯಾಂಕ್ ಖಾತೆಗೆ ಹಾಕುವುದು ಅಂತ ಪುಸ್ತಕದಲ್ಲಿ ಬರೆದುಕೊಂಡೆ.

ಮುಂದಿನ ದೀಪಾವಳಿಯ ಮಾತು ಆಗಲೇ ಶುರುವಾಗಿದೆ. 700ನ್ನು 750 ಮಾಡೋಣ ಅಂತ ಏಜೆಂಟರು. ಬಟ್ಟೆ ಬೇಡವೇ ಬೇಡ, ಪೂರ್ತಿ ಚೀಟಿಯ ಮೇಲೇ ಬಿಡೋಣ ಅಂತ ಮೇಷ್ಟ್ರು. ಸಾಹುಕಾರರು ತಮ್ಮ ಪಾಲನ್ನು ಚೆಕ್‌ನಲ್ಲಿ ನೇರವಾಗಿ ಸಂಸ್ಥೆಗೇ ಕೊಡುತ್ತಾರಂತೆ, ಶೌಚಾಲಯದ ಬಾಗಿಲುಗಳಿಗೆ. ಅಜ್ಜ ಮಾತ್ರ ಯಾವುದಕ್ಕೂ ಹೂಂ ಅಂದಿಲ್ಲ. ಹಬ್ಬ ಹತ್ತಿರ ಬರಲಿ, ಅಂಗಡಿಯಲ್ಲಿ ಮತ್ತೊಮ್ಮೆ ಎಲ್ಲರನ್ನೂ ಕೇಳಿ ಹೇಳುತ್ತೇನೆ ಅಂದಿದ್ದಾರೆ.